ಹೊರಗೆ ತಿನ್ನು, ಒಳಗೆ ತರಬೇಡ

ಹೊರದೇಶಗಳಲ್ಲಿ ನೆಲೆಸಿರುವ ನಮ್ಮ ಅನೇಕ ಮನೆಗಳಲ್ಲಿ ಒಂದು ಕಾನೂನು ಜಾರಿಯಲ್ಲಿದೆ. ಅದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಸಹಿ ಹಾಕಿಲ್ಲ. ಆದರೂ ಮಕ್ಕಳು ಹತ್ತು ಹನ್ನೆರಡು ವರ್ಷಕ್ಕೆ ಬರುವ ಹೊತ್ತಿಗೆ ಮನೆಯವರಿಗೆಲ್ಲ ಅದು ಬಾಯಿಪಾಠವಾಗಿರುತ್ತದೆ: "ಹೊರಗೆ ಏನು ಬೇಕಾದರೂ ತಿನ್ನು, ಮನೆಯೊಳಗೆ ಮಾತ್ರ ತರಬೇಡ."

ಈ ಕಾನೂನಿಗೆ ಉಪನಿಯಮಗಳು ಬೇಕಾದಷ್ಟಿವೆ. ಪೆಪರೋನಿ ಪಿಜ್ಜಾ ಕಾರಿನೊಳಗೇ ಮುಗಿಯಬೇಕು, ಖಾಲಿ ಡಬ್ಬ ದಾರಿಯ ಕಸದ ತೊಟ್ಟಿಗೆ ಹೋಗಬೇಕು. ಬೇಸಿಗೆಯ ಬಾರ್ಬೆಕ್ಯೂ ಹಿತ್ತಲಲ್ಲಿ ನಡೆಯಬಹುದು, ಆದರೆ ತಟ್ಟೆ ಹಿತ್ತಲ ಬಾಗಿಲ ಹೊಸಿಲು ದಾಟಬಾರದು. ಮೊಟ್ಟೆ ಕೇಕಿನ ಒಳಗೆ ಅಡಗಿ ಬರಬಹುದು, ಡಜನ್ ಲೆಕ್ಕದಲ್ಲಿ ಟ್ರೇಯಲ್ಲಿ ಬರಬಾರದು. ಇದನ್ನು ನಾವು ವಿದೇಶಕ್ಕೆ ಬಂದ ಮೇಲೆ ಕಂಡುಹಿಡಿದೆವು ಅಂತೇನೂ ಅಲ್ಲ. ಬೆಂಗಳೂರಿನ ಮಿಲಿಟರಿ ಹೋಟೆಲಿನಲ್ಲಿ ಊಟ ಮುಗಿಸಿ, ಎರಡು ಏಲಕ್ಕಿ ಜಗಿದು ಮನೆಗೆ ಹೋಗುತ್ತಿದ್ದ ಹಿಂದಿನ ತಲೆಮಾರಿನ ಗಂಡಸರಿಗೂ ಇದು ಚೆನ್ನಾಗಿ ಗೊತ್ತಿತ್ತು.

ಇದು ಎಲ್ಲ ಕನ್ನಡಿಗರ ಕಾನೂನು ಅಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಕೊಡಗಿನ ಮದುವೆಯೂಟದಲ್ಲಿ ಕಾಚಂಪುಳಿ ಹಾಕಿದ ಪಂದಿ ಕರಿ, ಕಡಂಬುಟ್ಟು ಮರ್ಯಾದೆಯ ಅಡುಗೆ. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಹಬ್ಬವೆಂದರೆ ಸನ್ನದ ಜೊತೆ ದುಕ್ರಾ ಮಾಸ್. ಹಂದಿ ಕನ್ನಡ ನಾಡಿಗೆ ಪರದೇಶಿ ಪ್ರಾಣಿಯಲ್ಲ. ಇನ್ನು ನನ್ನ ಮುಸ್ಲಿಂ ಗೆಳೆಯರ ಮನೆಯಲ್ಲಿ ಹಂದಿಮಾಂಸಕ್ಕೆ ನಿಷೇಧವಿದೆ, ಆದರೆ ಅದು ಹೊಸಿಲಿನ ಆಚೆಗೂ ಈಚೆಗೂ ಒಂದೇ. ನಾನು ಬರೆಯುತ್ತಿರುವುದು ನಮ್ಮಂಥ ಮನೆಗಳ ಬಗ್ಗೆ. ತಲೆತಲಾಂತರದಿಂದ ಮೊಟ್ಟೆಯೂ ಬಾರದ, ಈಗ ಮಕ್ಕಳು ಹೊರಗೆ ಎಲ್ಲವನ್ನೂ ತಿನ್ನುವ, ತಂದೆತಾಯಿಗಳಿಗೆ ಅದು ಗೊತ್ತಿರುವ, ಗೊತ್ತಿರುವುದನ್ನು ಯಾರೂ ಬಾಯಿಬಿಟ್ಟು ಹೇಳದ ಮನೆಗಳು.

ನಾವಿರುವುದು ಇಂಗ್ಲೆಂಡಿನ ಸ್ವಿಂಡನ್ನಿನಲ್ಲಿ. ನನ್ನ ಮಗಳಿಗೆ ಹದಿನಾರು ವರ್ಷ, ಶನಿವಾರಗಳಲ್ಲಿ ಒಂದು ಕೆಫೆಯಲ್ಲಿ ಕೆಲಸ ಮಾಡುತ್ತಾಳೆ. ಕೆಲಸದವರಿಗೆ ಬೆಳಗಿನ ತಿಂಡಿ ಪುಕ್ಕಟೆ. ಅಲ್ಲಿ ಅವಳಿಗೆ ಬೇಕನ್ ಮತ್ತು ಮೊಟ್ಟೆಯ ಸ್ಯಾಂಡ್‌ವಿಚ್ ರುಚಿಸಿತು. ಇದನ್ನು ಅವಳು ಬಚ್ಚಿಡಲಿಲ್ಲ. ಒಂದು ದಿನ ಬಂದು, "ಅಪ್ಪ, ಇದನ್ನ ಮನೇಲಿ ಮಾಡ್ಕೊಳ್ಳಬಹುದಾ?" ಎಂದು ಕೇಳಿದಳು. ಸಾಧಾರಣ ಪ್ರಶ್ನೆ. ಹೌದು ಅಥವಾ ಇಲ್ಲ ಎಂದರೆ ಮುಗಿಯಿತು. ನನ್ನ ಹೆಂಡತಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. "ಯೋಚನೆ ಮಾಡಿ ಹೇಳ್ತೀವಿ" ಎಂದೆವು. ಈ ಬರಹ ಆ ಯೋಚನೆ.

ನಾನು ಓದಿದ್ದು ಬಿ.ಕಾಂ., ಆಮೇಲೆ ಸಿ.ಎ. ತತ್ವಶಾಸ್ತ್ರ ಓದಿದವನಲ್ಲ. ಆದರೆ ನನ್ನ ವೃತ್ತಿಯಲ್ಲಿ ಇದಕ್ಕೆ ತೀರ ಹತ್ತಿರದ ಒಂದು ಹಳೆಯ ಜಗಳವಿದೆ. ವಿಮಾನ ಕಂಪನಿಯೊಂದು ನೂರು ವಿಮಾನ ಹಾರಿಸುತ್ತದೆ ಅಂದುಕೊಳ್ಳಿ. ಅವುಗಳಲ್ಲಿ ಬಹುಪಾಲು ಬಾಡಿಗೆಯವು, ಹತ್ತು ಹನ್ನೆರಡು ವರ್ಷಗಳ ಲೀಸ್. ಕಂಪನಿ ಅಷ್ಟು ವರ್ಷ ಬಾಡಿಗೆ ಕಟ್ಟಲೇಬೇಕು, ಬಿಡುವಂತಿಲ್ಲ. ಅಂದರೆ ಅದು ಸಾಲವೇ. ಆದರೂ ಎಷ್ಟೋ ವರ್ಷ ಆ ವಿಮಾನಗಳೂ ಆ ಸಾಲವೂ ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಕಾಣುತ್ತಿರಲಿಲ್ಲ. ಕಾಗದದ ಮೇಲೆ ಅವು ಬೇರೆಯವರ ಸ್ವತ್ತು. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡಗಳ ಮಂಡಳಿಯ ಅಧ್ಯಕ್ಷರಾಗಿದ್ದ ಸರ್ ಡೇವಿಡ್ ಟ್ವೀಡಿ, ಸಾಯುವ ಮೊದಲು ಒಮ್ಮೆಯಾದರೂ ವಿಮಾನ ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ನಿಜವಾಗಿಯೂ ಇರುವ ವಿಮಾನದಲ್ಲಿ ಕೂತು ಹಾರಬೇಕೆಂಬ ಆಸೆ ತಮಗಿದೆ ಎಂದು ತಮಾಷೆ ಮಾಡುತ್ತಿದ್ದರು. ಕೊನೆಗೆ 2019ರ ಜನವರಿ 1ರಿಂದ ಐಎಫ್ಆರ್‌ಎಸ್ 16 ಎಂಬ ಮಾನದಂಡ ಜಾರಿಗೆ ಬಂದು, ಅಂಥ ಲೀಸುಗಳನ್ನೆಲ್ಲ ಪುಸ್ತಕದೊಳಗೆ ತರಬೇಕಾಯಿತು. ಅದರ ಹಿಂದಿರುವುದು ನಾವು ವಿದ್ಯಾರ್ಥಿಗಳಾಗಿದ್ದಾಗಲೇ ಕಲಿತ ಸೂತ್ರ: ರೂಪಕ್ಕಿಂತ ಸಾರ ಮುಖ್ಯ.

"ಹೊರಗೆ ತಿನ್ನು, ಒಳಗೆ ತರಬೇಡ" ಎಂಬುದು ಲೀಸಿನ ವಿಮಾನ. ಹಾರುವುದು ನಮ್ಮ ಮಕ್ಕಳೇ, ದುಡ್ಡು ನಮ್ಮದೇ, ಹಂದಿ ಸತ್ತಿರುವುದೂ ಸತ್ಯವೇ. ನಮ್ಮ ಪುಸ್ತಕದಲ್ಲಿ ಮಾತ್ರ ಅದು ಕಾಣುವುದಿಲ್ಲ.

ಹಾಗೆಂದು ಆ ನಿಯಮವನ್ನು ಒಂದೇ ಏಟಿಗೆ ಬೂಟಾಟಿಕೆ ಎಂದು ತಳ್ಳಿಹಾಕುವುದೂ ನ್ಯಾಯವಲ್ಲ. ಯಾವ ನಿಯಮವೂ ಯಾವುದನ್ನೋ ಕಾಯಲು ಹುಟ್ಟಿರುತ್ತದೆ. ಇದು ಏನನ್ನು ಕಾಯುತ್ತಿದೆ ಎಂದು ಕೇಳಬೇಕು. ನನಗೆ ಮೂರು ಉತ್ತರಗಳು ತೋಚುತ್ತವೆ: ಹಂದಿಯನ್ನು, ಒಲೆಯನ್ನು, ಹಿರಿಯರ ಮಾತನ್ನು.

ಮೊದಲು ಹಂದಿ. ಸಸ್ಯಾಹಾರಕ್ಕೆ ನಾವು ಕೊಡುವ ದೊಡ್ಡ ಕಾರಣ ಅಹಿಂಸೆ. ಹಾಗಾದರೆ ಕೇಳಬೇಕಾದದ್ದು, ಈ ನಿಯಮದಿಂದ ಹಂದಿಗೆ ಏನು ಲಾಭ? ಕೆಫೆಯ ಹಂಚಿನ ಮೇಲೆ ಬೆಂದರೂ ನಮ್ಮ ಹಂಚಿನ ಮೇಲೆ ಬೆಂದರೂ ಹಂದಿ ಸಾಯುವುದು ಸುಮಾರು ಆರು ತಿಂಗಳ ಪ್ರಾಯದಲ್ಲೇ. ಈ ದೇಶದಲ್ಲಿ ಬಹುಪಾಲು ಹಂದಿಗಳನ್ನು ಕೊಲ್ಲುವ ಮುಂಚೆ ಇಂಗಾಲದ ಡೈಆಕ್ಸೈಡ್ ತುಂಬಿದ ಗುಂಡಿಗೆ ಇಳಿಸಿ ಪ್ರಜ್ಞೆ ತಪ್ಪಿಸುತ್ತಾರೆ. ಆ ಕೆಲವು ಕ್ಷಣಗಳು ಸುಖದವಲ್ಲ ಎಂದು ಪ್ರಾಣಿವೈದ್ಯರೇ ಹೇಳುತ್ತಾರೆ. ಗಬ್ಬದ ಹಂದಿಯನ್ನು ತಿರುಗಲೂ ಆಗದ ಇಕ್ಕಟ್ಟಿನ ಕಟಕಟೆಯಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದನ್ನು ಬ್ರಿಟನ್ 1999ರಲ್ಲಿ ನಿಷೇಧಿಸಿತು. ಯೂರೋಪಿಯನ್ ಒಕ್ಕೂಟ 2013ರಲ್ಲಿ ನಿಷೇಧಿಸಿದರೂ ಮೊದಲ ನಾಲ್ಕು ವಾರಕ್ಕೆ ವಿನಾಯಿತಿ ಇಟ್ಟುಕೊಂಡಿತು. ಮರಿ ಹಾಕುವ ಹೊತ್ತಿನ ಕಟಕಟೆ ಇಲ್ಲಿ ಇನ್ನೂ ಕಾನೂನುಬದ್ಧ. ಬ್ರಿಟನ್ನಿನಲ್ಲಿ ತಿನ್ನುವ ಬೇಕನ್ನಿನ ದೊಡ್ಡ ಪಾಲು ಡೆನ್ಮಾರ್ಕ್, ನೆದರ್‌ಲ್ಯಾಂಡ್ಸ್ ಕಡೆಯಿಂದ ಬರುತ್ತದೆ.

ಕೆಫೆಯಲ್ಲಿ ತಟ್ಟೆಗೆ ಬಂದ ಬೇಕನ್ ಇವುಗಳಲ್ಲಿ ಯಾವ ಜಾತಿಯದೆಂದು ತಿನ್ನುವವರಿಗೆ ತಿಳಿಯುವುದಿಲ್ಲ. ಅಗ್ಗಕ್ಕೆ ಸಿಕ್ಕಿದ್ದೇ ಅಲ್ಲಿಗೆ ಬಂದಿರುವ ಸಂಭವ ಹೆಚ್ಚು. ಅಂಗಡಿಯಲ್ಲಿ ಕೊಂಡ ಪೊಟ್ಟಣದ ಮೇಲಾದರೆ ಬರೆದಿರುತ್ತದೆ. 'ಔಟ್‌ಡೋರ್ ಬ್ರೆಡ್' ಎಂದರೆ ಹಂದಿ ಹುಟ್ಟಿದ್ದು ಬಯಲಿನಲ್ಲಿ, ಹಾಲು ಬಿಡಿಸಿದ ಮೇಲೆ ಕೊಟ್ಟಿಗೆ. 'ಔಟ್‌ಡೋರ್ ರೇರ್ಡ್' ಎಂದರೆ ಆಯಸ್ಸಿನ ಸುಮಾರು ಅರ್ಧ ಬಯಲಿನಲ್ಲಿ. 'ಫ್ರೀ ರೇಂಜ್' ಎಂದರೆ ಆಯಸ್ಸಿಡೀ ಬಯಲಿನಲ್ಲಿ. ಬೆಲೆ ಆ ಕ್ರಮದಲ್ಲೇ ಏರುತ್ತದೆ. ಅಂದರೆ ಹಂದಿಯ ಕಡೆಯಿಂದ ನೋಡಿದರೆ ನಮ್ಮ ಕಾನೂನು ಉಪಯೋಗಕ್ಕೆ ಬಾರದ್ದಷ್ಟೇ ಅಲ್ಲ, ತಿರುಗುಮುರುಗಾದದ್ದು. ಮಗಳನ್ನು ಅದು ಪ್ರಶ್ನೆ ಕೇಳಲು ಆಗದ ಜಾಗಕ್ಕೆ ಕಳಿಸುತ್ತದೆ, ಕೇಳಬಹುದಾದ ಜಾಗದಲ್ಲಿ ಬಾಗಿಲು ಹಾಕುತ್ತದೆ.

ಎರಡನೆಯದು ಒಲೆ. ಮಡಿಯ ವಿಷಯ. ನಮ್ಮಲ್ಲಿ ಅನೇಕರಿಗೆ ಮಡಿಯಲ್ಲಿ ನಂಬಿಕೆ ಹೋಗಿ ಎಷ್ಟೋ ಕಾಲವಾಯಿತು, ಒಲೆಯ ಹತ್ತಿರ ಮಾತ್ರ ಅದು ಉಳಿದುಕೊಂಡಿದೆ. ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಅಡುಗೆಮನೆಗೆ ಒಂದು ವಾಸನೆ ಇರುತ್ತದೆ. ನಮ್ಮದಕ್ಕೆ ಸಾಸಿವೆ, ಇಂಗು, ಕರಿಬೇವಿನದು. ಸುಮಾರು ಐದು ಸಾವಿರ ಮೈಲಿ ದೂರ ಬಂದವರಿಗೆ ಊರೆಂಬುದು ಉಳಿದಿರುವುದೇ ಆ ವಾಸನೆಯಲ್ಲಿ ಎಂದರೂ ನಡೆದೀತು. ಅದನ್ನು ಕಾಪಾಡಿಕೊಳ್ಳಬೇಕೆನ್ನುವ ಆಸೆ ಸಹಜ. ಆದರೆ ಅದಕ್ಕೆ ಸರಿಯಾದ ಹೆಸರಿಡಬೇಕು. ಅದು ಅಭಿರುಚಿ, ಅದು ನೆನಪು, ಅದು ಮನೆಯ ಶಿಸ್ತು. ಅದನ್ನು ಅಹಿಂಸೆಯ ಖಾತೆಯಲ್ಲಿ ಜಮಾ ಮಾಡುವಂತಿಲ್ಲ. ಒಂದು ಖಾತೆಯ ಹಣವನ್ನು ಇನ್ನೊಂದರಲ್ಲಿ ತೋರಿಸಿದರೆ ಆಡಿಟರ್ ಸುಮ್ಮನಿರುವುದಿಲ್ಲ.

ಮೂರನೆಯದು ಹಿರಿಯರ ಮಾತು. ಇದು ಎಲ್ಲಕ್ಕಿಂತ ಗಟ್ಟಿಯಾದ ಉತ್ತರ. ಇಲ್ಲಿ ಗಾಂಧೀಜಿಯವರ ಉದಾಹರಣೆಯನ್ನು ಬಿಟ್ಟು ಮುಂದೆ ಹೋಗಲಾಗದು, ಏಕೆಂದರೆ ಬೇಕನ್ನಿನ ದೇಶಕ್ಕೆ ಬಂದು ಮೊಟ್ಟೆಯ ಬಗ್ಗೆ ಅವರಷ್ಟು ಕಷ್ಟಪಟ್ಟು ಯೋಚಿಸಿದ ಭಾರತೀಯ ವಿದ್ಯಾರ್ಥಿ ಇನ್ನೊಬ್ಬನಿರಲಾರ. 1888ರಲ್ಲಿ ಲಂಡನ್ನಿಗೆ ಹೊರಡುವ ಮುನ್ನ ಅವರು ಜೈನ ಸನ್ಯಾಸಿಯೊಬ್ಬರ ಎದುರು ತಾಯಿಗೆ ಮಾತು ಕೊಟ್ಟಿದ್ದರು. ಮಾಂಸ ಮುಟ್ಟುವುದಿಲ್ಲ ಎಂಬುದು ಅದರಲ್ಲಿ ಒಂದು. ಲಂಡನ್ನಿನಲ್ಲಿ 'ಮಾಂಸ' ಎಂದರೇನು ಎಂಬುದಕ್ಕೆ ಮೂರು ವ್ಯಾಖ್ಯಾನಗಳು ಅವರಿಗೆ ಸಿಕ್ಕವು. ಹಕ್ಕಿ ಮತ್ತು ಮೃಗದ ಮಾಂಸ ಮಾತ್ರ ಮಾಂಸ ಎನ್ನುವುದೊಂದು, ಮೀನೂ ಮಾಂಸವೇ ಎನ್ನುವುದೊಂದು, ಮೊಟ್ಟೆ ಹಾಲುಗಳೂ ಸೇರುತ್ತವೆ ಎನ್ನುವುದೊಂದು. ಮೊದಲನೆಯದನ್ನು ಹಿಡಿದರೆ ಮೊಟ್ಟೆ ತಿನ್ನಬಹುದು. ಕೆಲವು ದಿನ ತಿಂದರು ಕೂಡ. ಆಮೇಲೆ, ಮಾತು ಕೊಟ್ಟದ್ದು ತಾಯಿಗೆ, ತಾಯಿಯ ಮನಸ್ಸಿನಲ್ಲಿ ಮಾಂಸ ಎಂದರೆ ಮೊಟ್ಟೆಯೂ ಸೇರಿತ್ತು, ಆದ್ದರಿಂದ ತಾಯಿಯ ಅರ್ಥವೇ ತನಗೆ ಅನ್ವಯ ಎಂದು ತೀರ್ಮಾನಿಸಿ ಬಿಟ್ಟುಬಿಟ್ಟರು. ಕರಾರಿನ ಪದಗಳನ್ನು ತನಗೆ ಅನುಕೂಲವಾಗುವಂತೆ ಹಿಂಜಬಾರದು ಎಂಬ ಈ ನಿಲುವನ್ನು ಯಾವ ಲೆಕ್ಕಪರಿಶೋಧಕನೂ ಮೆಚ್ಚಲೇಬೇಕು.

ಆದರೆ ಅವರದೇ ಕಥೆಯಲ್ಲಿ ಇನ್ನೊಂದು ತಿರುವಿದೆ. ಲಂಡನ್ನಿನ ಫ್ಯಾರಿಂಗ್ಡನ್ ರಸ್ತೆಯ ಸಸ್ಯಾಹಾರಿ ಉಪಾಹಾರ ಗೃಹವೊಂದರಲ್ಲಿ ಹೆನ್ರಿ ಸಾಲ್ಟ್ ಬರೆದ ಸಸ್ಯಾಹಾರದ ಸಮರ್ಥನೆಯ ಪುಸ್ತಕವನ್ನು ಅವರು ಒಂದು ಶಿಲಿಂಗ್ ಕೊಟ್ಟು ಕೊಂಡರು. ಅದನ್ನು ಓದಿದ ಮೇಲೆ ತಾನು ಆಯ್ಕೆಯಿಂದ ಸಸ್ಯಾಹಾರಿಯಾದೆ ಎಂದು ಬರೆದಿದ್ದಾರೆ. ಅಲ್ಲಿಯವರೆಗೆ ಅವರು ಮಾಂಸ ಬಿಟ್ಟಿದ್ದು ಕೊಟ್ಟ ಮಾತಿಗಾಗಿ. ಮನಸ್ಸಿನಲ್ಲಿ, ಭಾರತೀಯರೆಲ್ಲ ಮಾಂಸ ತಿನ್ನುವಂತಾಗಲಿ ಎಂದೇ ಇತ್ತು. ನಮ್ಮ ಕಡೆ ಆಸ್ತಿಯಲ್ಲಿ ಪಿತ್ರಾರ್ಜಿತ, ಸ್ವಯಾರ್ಜಿತ ಎಂದು ಎರಡು ಬಗೆ. ತಾಯಿಗೆ ಕೊಟ್ಟ ಮಾತಿನ ಸಸ್ಯಾಹಾರ ಪಿತ್ರಾರ್ಜಿತದ ಹಾಗೆ, ಶಿಲಿಂಗ್ ಕೊಟ್ಟು ಓದಿ ಒಪ್ಪಿಕೊಂಡದ್ದು ಸ್ವಯಾರ್ಜಿತ.

ಈಗ ನನ್ನ ಮಗಳ ವಿಷಯ. ಅವಳು ಯಾರಿಗೂ ಮಾತು ಕೊಟ್ಟಿಲ್ಲ. ನನ್ನ ತಾಯಿಗೆ ನಾನು ಬಾಯಿಬಿಟ್ಟು ಕೊಟ್ಟಿಲ್ಲದಿದ್ದರೂ ಕೊಟ್ಟಂತೆಯೇ ನಡೆದುಕೊಂಡು ಬಂದಿದ್ದೇನೆ. ಆ ಬಾಧ್ಯತೆ ನನ್ನದು. ತಂದೆ ಬರೆದುಕೊಟ್ಟ ಪ್ರಾಮಿಸರಿ ನೋಟಿನ ಸಾಲವನ್ನು ಮಗಳ ಸ್ವಂತ ಸಂಪಾದನೆಯಿಂದ ವಸೂಲು ಮಾಡುವಂತಿಲ್ಲ. ಸಸ್ಯಾಹಾರವನ್ನು ನಾನು ಅವಳಿಗೆ ಉಳಿಸಿ ಹೋಗಬಹುದು. ಇಟ್ಟುಕೊಳ್ಳುವುದೋ ಬಿಡುವುದೋ ಅವಳ ಲೆಕ್ಕ.

ಇಷ್ಟು ಯೋಚಿಸಿ, ಹೆಂಡತಿಯ ಜೊತೆ ನಾಲ್ಕೈದು ಸಂಜೆ ಮಾತಾಡಿ, ಆಗಲಿ ಎಂದೆವು. ಮೊದಲ ಸಲ ನಾನೇ ಮಾಡಿಕೊಡುತ್ತೇನೆ ಎಂದೂ ಹೇಳಿದೆ. ಮಗಳು ಇದನ್ನು ನಿರೀಕ್ಷಿಸಿರಲಿಲ್ಲ. ತಾನೇ ಮಾಡಿಕೊಂಡು ಪ್ಯಾನ್ ತೊಳೆದಿಡುವುದಾಗಿ ಅವಳ ಲೆಕ್ಕಾಚಾರ. ಆದರೆ ಅವಳು ಮಾಡಿಕೊಳ್ಳುವಾಗ ನಾನು ಮಹಡಿಯ ಮೇಲೆ ಹೋಗಿ ಬಾಗಿಲು ಹಾಕಿಕೊಂಡು ಕೂತರೆ ಅದೂ ಒಂದು ಲೀಸೇ ಅಲ್ಲವೇ?

ಇಲ್ಲಿ ಕೈಯ ಪ್ರಶ್ನೆ ಬರುತ್ತದೆ. ತಿನ್ನದವನು ಬೇಯಿಸಿಕೊಡಬಹುದೇ? ಮನುಸ್ಮೃತಿಯ ಐದನೆಯ ಅಧ್ಯಾಯ ಈ ವಿಷಯದಲ್ಲಿ ಬಹಳ ಬಿಗಿ. ಕೊಲ್ಲಲು ಒಪ್ಪಿಗೆ ಕೊಟ್ಟವನು, ಕತ್ತರಿಸಿದವನು, ಕೊಂದವನು, ಕೊಂಡವನು, ಮಾರಿದವನು, ಬೇಯಿಸಿದವನು, ಬಡಿಸಿದವನು, ತಿಂದವನು, ಈ ಎಂಟೂ ಮಂದಿ ಘಾತಕರೇ ಎಂದು ಅದು ಪಟ್ಟಿ ಮಾಡುತ್ತದೆ. ಅದೇ ಅಧ್ಯಾಯ ಯಜ್ಞದ ಮಾಂಸಕ್ಕೆ ವಿನಾಯಿತಿ ಕೊಟ್ಟಿದೆ, ಅದು ಬೇರೆ ಮಾತು. ಪಾಲುದಾರಿಕೆ ಸಂಸ್ಥೆಯಲ್ಲಿ ಎಲ್ಲ ಪಾಲುದಾರರೂ ಒಟ್ಟಾಗಿಯೂ ಬಿಡಿಬಿಡಿಯಾಗಿಯೂ ಸಾಲಕ್ಕೆ ಹೊಣೆ ಎನ್ನುವ ಹಾಗೆ. ಈ ಪಟ್ಟಿಯನ್ನು ನಾನು ಒಪ್ಪುತ್ತೇನೆ. ಹೆಂಡತಿ ಕೊಂಡು ತಂದಳು, ನಾನು ಬೇಯಿಸಿ ಬಡಿಸಿದೆ, ಮಗಳು ತಿಂದಳು. ಎಂಟರಲ್ಲಿ ನಾಲ್ಕು ನಮ್ಮ ಮನೆಯಲ್ಲೇ.

ಆದರೆ ಪಟ್ಟಿಯನ್ನು ಒಪ್ಪಿದ ಮೇಲೆ ಪೂರ್ತಿ ಒಪ್ಪಬೇಕು. ಮಗಳು ಕೆಫೆಯಲ್ಲಿ ತಿನ್ನುತ್ತಾಳೆಂದು ಗೊತ್ತಿದ್ದೂ "ಹೊರಗೆ ತಿನ್ನು" ಎಂದವನು ಪಟ್ಟಿಯ ಮೊದಲನೆಯವನು, ಒಪ್ಪಿಗೆ ಕೊಟ್ಟವನು. ಹಾಗೆ ನೋಡಿದರೆ ನಮ್ಮ ಮನೆಗಳ ಕಾನೂನಿನಿಂದ ಯಾರೂ ಪಟ್ಟಿಯಿಂದ ಹೊರಗೆ ಹೋಗುವುದಿಲ್ಲ. ಎಂಟರಲ್ಲಿ ಯಾವ ಸಾಲಿನಲ್ಲಿ ನಿಲ್ಲುತ್ತೇವೆ ಎಂಬುದಷ್ಟೇ ಬದಲಾಗುತ್ತದೆ.

ಇದಕ್ಕೆ ಎದುರಾಗಿ ಮಹಾಭಾರತದ ವನಪರ್ವದಲ್ಲಿ ಧರ್ಮವ್ಯಾಧ ನಿಂತಿದ್ದಾನೆ. ಮಿಥಿಲೆಯ ಕಟುಕ. ಕೌಶಿಕನೆಂಬ ಬ್ರಾಹ್ಮಣ ಧರ್ಮ ಕಲಿಯಲು ಅವನ ಮಾಂಸದ ಅಂಗಡಿಗೆ ಹೋಗಬೇಕಾಗುತ್ತದೆ. ವ್ಯಾಧ ಹೇಳುವುದು ಇಷ್ಟು: ಬೇರೆಯವರು ಕೊಂದ ಹಂದಿ, ಎಮ್ಮೆಗಳ ಮಾಂಸವನ್ನು ತಾನು ಮಾರುತ್ತೇನೆ, ತಾನು ಕೊಲ್ಲುವುದಿಲ್ಲ, ತಿನ್ನುವುದೂ ಇಲ್ಲ. ಇಷ್ಟಕ್ಕೆ ನಿಲ್ಲಿಸಿದ್ದರೆ ಅದು ಜಾಣ ವಕೀಲನ ಮಾತಾಗುತ್ತಿತ್ತು. ಅವನು ಮುಂದುವರಿದು, ನೇಗಿಲು ಹೂಡಿದಾಗ ನೆಲದೊಳಗಿನ ಎಷ್ಟು ಜೀವಿಗಳು ಸಾಯುತ್ತವೆ, ಕಾಳಿನಲ್ಲೂ ಜೀವವಿಲ್ಲವೇ ಎಂದು ಕೇಳುತ್ತಾನೆ. ತನ್ನ ವೃತ್ತಿ ಘೋರವೆಂದು ತಾನೇ ಒಪ್ಪಿಕೊಳ್ಳುತ್ತಾನೆ. ನಾನು ಶುದ್ಧ ಎಂದು ಅವನು ಎಲ್ಲಿಯೂ ಹೇಳಿಕೊಳ್ಳುವುದಿಲ್ಲ. ಅವನ ಮಾತಿಗೆ ತೂಕ ಬಂದಿರುವುದು ಅದರಿಂದಲೇ ಎಂದು ನನಗನ್ನಿಸುತ್ತದೆ.

ಇನ್ನು ಸ್ಯಾಂಡ್‌ವಿಚ್. ಹೊಟ್ಟೆ ತುಂಬುವ ಹಾಗೆ ಮಾಡಬೇಕಾದರೆ ಹೀಗೆ ಮಾಡಬೇಕು. ಬ್ರೆಡ್ ಬಿಳಿಯದು, ದಪ್ಪ ಹೋಳು, ಸಾಧ್ಯವಾದರೆ ಬ್ಲೂಮರ್. ಬೇಕನ್ ಮೂರು ಹಾಳೆ. ಇಲ್ಲಿನವರು ಬೇಕನ್ ಎಂದರೆ ಹೆಚ್ಚಾಗಿ ಬೆನ್ನಿನ ಭಾಗದ ಬ್ಯಾಕ್ ಬೇಕನ್. ಹೊಟ್ಟೆಯ ಭಾಗದ, ಕೊಬ್ಬಿನ ಗೆರೆಗಳಿರುವ ಸ್ಟ್ರೀಕಿ ಬೇಕನ್ ಅಮೆರಿಕದವರಿಗೆ ಪ್ರಿಯ. ಪ್ಯಾನ್ ತಣ್ಣಗಿರುವಾಗಲೇ ಬೇಕನ್ ಹರಡಿ ಮಧ್ಯಮ ಉರಿ ಇಡಬೇಕು. ಆಗ ಕೊಬ್ಬು ನಿಧಾನವಾಗಿ ಕರಗಿ ಹೊರಬರುತ್ತದೆ, ಬೇರೆ ಎಣ್ಣೆ ಬೇಡ. ಅಗ್ಗದ ಬೇಕನ್ನಿಗೆ ಉಪ್ಪುನೀರು ಚುಚ್ಚಿ ತೂಕ ಏರಿಸಿರುತ್ತಾರೆ. ಅದು ಪ್ಯಾನಿನಲ್ಲಿ ಬಿಳಿ ನೊರೆ ಬಿಟ್ಟು ಹುರಿಯುವ ಬದಲು ಬೇಯತೊಡಗುತ್ತದೆ. ಕೊಬ್ಬಿನ ಅಂಚು ಹೊಂಬಣ್ಣಕ್ಕೆ ಬಂದ ಮೇಲೆ ತೆಗೆದಿಟ್ಟು, ಅದೇ ಕೊಬ್ಬಿಗೆ ಮೊಟ್ಟೆ ಒಡೆದು ಹಾಕಬೇಕು. ಬಿಸಿ ಕೊಬ್ಬನ್ನು ಚಮಚದಿಂದ ಬಿಳಿಯ ಭಾಗದ ಮೇಲೆ ಎರೆಯುತ್ತಿದ್ದರೆ ಅದು ಗಟ್ಟಿಯಾಗುತ್ತದೆ, ಹಳದಿ ಹರಿಯುವಂತೆಯೇ ಉಳಿಯುತ್ತದೆ. ಬ್ರೆಡ್ಡಿಗೆ ಬೆಣ್ಣೆ, ಅದರ ಮೇಲೆ ಬ್ರೌನ್ ಸಾಸ್, ಬೇಕನ್, ಮೊಟ್ಟೆ, ಮೇಲೆ ಇನ್ನೊಂದು ಬ್ರೆಡ್. ಅಂಗೈಯಿಂದ ಮೆಲ್ಲಗೆ ಒತ್ತಿದಾಗ ಹಳದಿ ಒಡೆದು ಬ್ರೆಡ್ಡಿಗೆ ಇಳಿಯಬೇಕು. ತಿನ್ನುವವರ ಮಣಿಕಟ್ಟಿನವರೆಗೆ ಸೋರದಿದ್ದರೆ ಅದು ಸರಿಯಾಗಿ ಆಗಿಲ್ಲ ಎಂದು ಮಗಳ ಅಭಿಪ್ರಾಯ.

ಮಾಡುವಾಗ ಕೆಲವು ವಿಷಯಗಳು ನನ್ನ ಗಮನಕ್ಕೆ ಬಂದವು. ಒಂದು, ವಾಸನೆ. ಬೇಕನ್ ಹುರಿಯುವ ವಾಸನೆ ನನಗೆ ಹೇಸಿಗೆ ಹುಟ್ಟಿಸಲಿಲ್ಲ. ಹಿತವಾಗಿಯೇ ಇತ್ತು. ಉಪ್ಪು, ಹೊಗೆ, ಹುರಿದದ್ದರ ಪರಿಮಳ. ಇದು ಸಣ್ಣ ವಿಷಯವಲ್ಲ. ನಮ್ಮಲ್ಲಿ ಬಹಳ ಮಂದಿಯ ಸಸ್ಯಾಹಾರ ನಿಂತಿರುವುದು ಹೇಸಿಗೆಯ ಮೇಲೆ. ಹೇಸಿಗೆ ಅಭ್ಯಾಸದಿಂದ ಬಂದದ್ದು, ಅಭ್ಯಾಸ ತಪ್ಪಿದರೆ ಹೋಗುತ್ತದೆ. ಅದು ಹೋದ ಮೇಲೂ ತಿನ್ನದೆ ಇರಲು ಕಾರಣ ಉಳಿದಿದ್ದರೆ ಅದನ್ನು ತತ್ವ ಎನ್ನಬಹುದು. ನನಗೆ ಉಳಿದಿದೆ. ಆರು ತಿಂಗಳ ಪ್ರಾಣಿ, ಆ ಗುಂಡಿ, ಅದು ಸಾಕು. ಆ ದಿನ ಒಲೆಯ ಮುಂದೆ ನಿಂತಾಗ ನನ್ನ ಪಿತ್ರಾರ್ಜಿತದ ಸ್ವಲ್ಪ ಭಾಗ ಸ್ವಯಾರ್ಜಿತವಾಯಿತು ಎಂದುಕೊಂಡಿದ್ದೇನೆ.

ಎರಡು, ಮೊಟ್ಟೆ. ಇಲ್ಲಿನ ಮೊಟ್ಟೆಯ ಚಿಪ್ಪಿನ ಮೇಲೆ ಒಂದು ಅಂಕಿ ಒತ್ತಿರುತ್ತಾರೆ. 0 ಎಂದರೆ ಸಾವಯವ, 1 ಬಯಲಿನ ಕೋಳಿ, 2 ದೊಡ್ಡ ಕೊಟ್ಟಿಗೆಯದು, 3 ಪಂಜರದ್ದು. ಹಳೆಯ ಕಾಲದ ಬರಿಯ ಪಂಜರಗಳನ್ನು 2012ರಲ್ಲಿ ನಿಷೇಧಿಸಿದರು. ಅವುಗಳ ಬದಲು ಬಂದ ಸುಧಾರಿತ ಪಂಜರದಲ್ಲಿ ಒಂದು ಕೋಳಿಗೆ ಸಿಗುವ ಜಾಗ 750 ಚದರ ಸೆಂಟಿಮೀಟರ್, ನಾವು ಆಫೀಸಿನಲ್ಲಿ ಬಳಸುವ ಎ4 ಹಾಳೆಗಿಂತ ತುಸು ಹೆಚ್ಚು. ಆದರೆ 0 ಇರಲಿ 3 ಇರಲಿ, ಮೊಟ್ಟೆ ತಳಿಯ ಗಂಡು ಮರಿಗಳಿಂದ ಯಾರಿಗೂ ಲಾಭವಿಲ್ಲ. ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೂ ಸಾಲದು. ಹುಟ್ಟಿದ ದಿನವೇ ಕೊಲ್ಲುತ್ತಾರೆ. ಜರ್ಮನಿ ಇದನ್ನು 2022ರಲ್ಲಿ ನಿಷೇಧಿಸಿತು, ಇಲ್ಲಿ ಇನ್ನೂ ನಡೆಯುತ್ತಿದೆ. ಬೇಕನ್ ಮತ್ತು ಮೊಟ್ಟೆಯ ಸ್ಯಾಂಡ್‌ವಿಚ್ಚಿನಲ್ಲಿ ಬೇಕನ್ ಮಾತ್ರ ಪಾಪದ್ದು, ಮೊಟ್ಟೆ ಪಾಪ ನಿರಪರಾಧಿ ಎನ್ನುವಂತಿಲ್ಲ.

ಅಲ್ಲಿಂದ ಬೆಣ್ಣೆಗೆ, ಬೆಣ್ಣೆಯಿಂದ ನನ್ನ ಬೆಳಗಿನ ಕಾಫಿಗೆ ಒಂದೇ ಹೆಜ್ಜೆ. ಹಾಲಿಗಾಗಿ ಹಸು ಕರು ಹಾಕಲೇಬೇಕು. ಗಂಡು ಕರುವಿಗೆ ಡೈರಿಯಲ್ಲಿ ಕೆಲಸವಿಲ್ಲ. ಹಾಲು ಇಳಿದ ಹಸುವನ್ನೂ ಇಲ್ಲಿ ಕಸಾಯಿಖಾನೆಗೆ ಕಳಿಸುತ್ತಾರೆ. ನನ್ನ ಫಿಲ್ಟರ್ ಕಾಫಿಯ ಹಿಂದೆಯೂ ಒಂದು ಲೀಸ್ ಇದೆ. ಇದನ್ನು ಹೇಳುತ್ತಿರುವುದು ಎಲ್ಲರೂ ಒಂದೇ, ಆದ್ದರಿಂದ ಯಾರು ಏನು ಬೇಕಾದರೂ ತಿನ್ನಬಹುದು ಎಂದು ಸಾಧಿಸಲು ಅಲ್ಲ. ಸಾವಿರ ರೂಪಾಯಿಯ ಸಾಲಕ್ಕೂ ಲಕ್ಷದ ಸಾಲಕ್ಕೂ ವ್ಯತ್ಯಾಸವಿದೆ. ಆದರೆ ಸಾವಿರದ ಸಾಲಗಾರ ತನಗೆ ಸಾಲವೇ ಇಲ್ಲವೆಂದು ಲಕ್ಷದ ಸಾಲಗಾರನಿಗೆ ಉಪದೇಶ ಮಾಡುವಂತಿಲ್ಲ.

ಮೂರನೆಯದು ಬ್ರೌನ್ ಸಾಸ್. ಎಚ್‌ಪಿ ಸಾಸಿನ ಬಾಟಲಿಯ ಹಿಂದೆ ಬರೆದಿರುವ ಪದಾರ್ಥಗಳಲ್ಲಿ ಖರ್ಜೂರವಿದೆ, ಹುಣಸೆಹಣ್ಣಿದೆ. ಇಂಗ್ಲಿಷರ ಈ ತಿಂಡಿಯ ಜೀವಾಳವಾದ ಹುಳಿಯಲ್ಲಿ ನಮ್ಮ ಸಾರಿನ ಹುಳಿಯೂ ಸೇರಿದೆ ಎಂದು ತಿಳಿದು ಹೆಂಡತಿ ನಕ್ಕಳು. ಅಡುಗೆಮನೆಯ ಗಡಿಗಳು ನಾವು ಅಂದುಕೊಂಡಷ್ಟು ಗಟ್ಟಿಯಲ್ಲ.

ಈ ನಿರ್ಧಾರದ ವಿರುದ್ಧ ಗೆಳೆಯರೊಬ್ಬರು ಎತ್ತಿದ ಆಕ್ಷೇಪಣೆ ಬಲವಾದದ್ದು. "ನಾಳೆ ಸಿಗರೇಟು ಸೇದ್ತೀನಿ ಅಂದ್ರೆ ಅದನ್ನೂ ನೀವೇ ತಂದು ಹಚ್ಚಿಕೊಡ್ತೀರಾ?" ಎಂದರು. ಇಲ್ಲ, ಹಚ್ಚಿಕೊಡುವುದಿಲ್ಲ. ಮಗಳ ದೇಹಕ್ಕೆ ಖಚಿತವಾಗಿ ಕೇಡು ಮಾಡುವುದನ್ನು ತಡೆಯುವುದು ತಂದೆಯ ಕೆಲಸ. ಬೇಕನ್ನಿಗೂ ಅದರ ಪಾಲು ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ, ಉಪ್ಪು ಹಾಕಿ ಕೆಡದಂತೆ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ಕರುಳಿನ ಕ್ಯಾನ್ಸರಿನ ಅಪಾಯ ಸುಮಾರು 18% ಹೆಚ್ಚು ಎಂದಿತು. ಅದೇ ಗುಂಪಿನಲ್ಲಿ ತಂಬಾಕೂ ಇದೆ. ಆದರೆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ತಂಬಾಕಿನ ಅಪಾಯ ಎಷ್ಟೋ ಪಾಲು ಹೆಚ್ಚು. ಈ ಅಂಕಿಗಳನ್ನು ನಾನು ಮಗಳ ಮುಂದಿಟ್ಟದ್ದು ಅದೇ ಅಡುಗೆಮನೆಯ ಮೇಜಿನ ಮೇಲೆ, ಅವಳು ತಿನ್ನುತ್ತಿರುವಾಗಲೇ. ವಾರಕ್ಕೊಂದು ದಿನ ಸಾಕು ಎಂದು ಅವಳೇ ಹೇಳಿದಳು. ಹೊರಗೆ ತಿನ್ನು ಎಂದು ಕಳಿಸಿಬಿಟ್ಟಿದ್ದರೆ ಈ ಮಾತುಕತೆಗೆ ಮೇಜೇ ಇರುತ್ತಿರಲಿಲ್ಲ.

ಅವರ ಎರಡನೆಯ ಆಕ್ಷೇಪಣೆ, ಹಾಗಾದರೆ ನಿಮ್ಮ ತತ್ವದಲ್ಲಿ ಉಳಿದದ್ದೇನು ಎಂಬುದು. ಉಳಿದದ್ದು ನನ್ನ ತಟ್ಟೆ. ಅದರಲ್ಲಿ ಮೊದಲು ಏನಿತ್ತೋ ಅದೇ ಇದೆ. ತತ್ವ ಎಂಬುದು ನಾನು ಏನು ತಿನ್ನುತ್ತೇನೆ ಎಂಬುದರಲ್ಲಿ ಇರಬೇಕು, ಬೇರೆಯವರು ತಿನ್ನುವುದು ನನ್ನ ಕಣ್ಣಿಗೆ ಬೀಳದ ಹಾಗೆ ಏರ್ಪಾಡು ಮಾಡಿಕೊಳ್ಳುವುದರಲ್ಲಿ ಅಲ್ಲ.

ಕಠಿಣವಾದದ್ದು ಅಮ್ಮನಿಗೆ ಹೇಳುವುದು. ಅಮ್ಮ ಎರಡು ಮೂರು ವರ್ಷಕ್ಕೊಮ್ಮೆ ಆರು ತಿಂಗಳ ವೀಸಾದಲ್ಲಿ ಬರುತ್ತಾರೆ. ನಾನು ಫೋನಿನಲ್ಲಿ ನೇರವಾಗಿ ಹೇಳಿದೆ. ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, "ಅಲ್ವೋ, ನನಗೆ ಇದನ್ನ ಹೇಳಲೇಬೇಕಿತ್ತಾ?" ಎಂದರು. ಆ ಮಾತು ಇನ್ನೂ ಮನಸ್ಸಿನಲ್ಲಿದೆ. ಅವರ ಕಡೆಯ ನ್ಯಾಯವೂ ನನಗೆ ಕಾಣುತ್ತದೆ. ಹೇಳದಿರುವುದರಲ್ಲೂ ಒಂದು ಬಗೆಯ ಕರುಣೆ ಇರುತ್ತದೆ. ನಮ್ಮ ಹಳೆಯ ಕಾನೂನು ನಿಂತಿದ್ದೇ ಆ ಕರುಣೆಯ ಮೇಲೆ. ನಾನು ಪುಸ್ತಕ ತೆರೆದಿಟ್ಟ ಮೇಲೆ ಅದರ ಭಾರ ಅವರ ಮೇಲೂ ಬಿತ್ತು.

ಆದರೂ ಹೇಳದೆ ಇರುವುದು ನನ್ನಿಂದಾಗುತ್ತಿರಲಿಲ್ಲ. ಅವರು ಬಂದಾಗ ಆ ಪ್ಯಾನ್ ಗ್ಯಾರೇಜಿನ ಪೆಟ್ಟಿಗೆಗೆ ಹೋಗುತ್ತದೆ, ಒಲೆ ಅವರದಾಗುತ್ತದೆ, ಆರು ತಿಂಗಳು ಮಗಳು ಕೆಫೆಯಲ್ಲೇ ತಿನ್ನುತ್ತಾಳೆ. ಇದಕ್ಕೂ ಮೊದಲಿನದಕ್ಕೂ ಏನು ವ್ಯತ್ಯಾಸ ಎಂದು ಕೇಳಬಹುದು. ಮೊದಲಿನದು ಮುಚ್ಚಿಟ್ಟದ್ದು, ಇದು ಮರ್ಯಾದೆಗಾಗಿ ಬದಿಗಿಟ್ಟದ್ದು. ಬದಿಗಿಟ್ಟಿದೆ ಎಂದು ಅಮ್ಮನಿಗೂ ಗೊತ್ತು, ಮಗಳಿಗೂ ಗೊತ್ತು. ಲೆಕ್ಕಪತ್ರಗಳ ಕೊನೆಯಲ್ಲಿ ಟಿಪ್ಪಣಿ ಬರೆದು ಎಲ್ಲ ಷೇರುದಾರರಿಗೂ ತಿಳಿಸಿದ ಬಾಧ್ಯತೆಗೂ ಯಾರಿಗೂ ತಿಳಿಸದೆ ಇಟ್ಟ ಬಾಧ್ಯತೆಗೂ ಇರುವ ಅಂತರ ಇದು. ಮೊತ್ತ ಒಂದೇ ಇರಬಹುದು. ಮನೆಯವರು ಒಬ್ಬರ ಮುಖ ಒಬ್ಬರು ನೋಡುವ ರೀತಿ ಬೇರೆ.

ಈ ಊರಿನಿಂದ ಹೆಚ್ಚು ದೂರವಿಲ್ಲದ ಕಾನ್ ಎಂಬ ಸಣ್ಣ ಪಟ್ಟಣ ಒಂದು ಕಾಲದಲ್ಲಿ ಬೇಕನ್ನಿಗೆ ಹೆಸರಾಗಿತ್ತು. ಇಡೀ ಅರ್ಧ ಹಂದಿಯನ್ನು ಉಪ್ಪುನೀರಿನಲ್ಲಿ ದಿನಗಟ್ಟಲೆ ಮುಳುಗಿಸಿಡುವ ವಿಲ್ಟ್‌ಷೈರ್ ಪದ್ಧತಿ ಅಲ್ಲಿಯ ಹ್ಯಾರಿಸ್ ಮನೆತನದ ಕಾರ್ಖಾನೆಯಿಂದ ಪ್ರಸಿದ್ಧವಾಯಿತು. ಕಾರ್ಖಾನೆ 1980ರ ದಶಕದಲ್ಲಿ ಮುಚ್ಚಿ, ಕಟ್ಟಡವನ್ನೂ ಕೆಡವಿದರು. ಊರ ನಡುವೆ ಈಗ ಉಳಿದಿರುವುದು ಎರಡು ಹಂದಿಗಳ ಕಂಚಿನ ಪ್ರತಿಮೆ. ಮಗಳ ಜೊತೆ ಒಂದು ಸಲ ಅಲ್ಲಿಗೆ ಹೋಗಿದ್ದೆ. ಅವಳು ಬಹಳ ಹೊತ್ತು ಅವುಗಳನ್ನು ನೋಡಿ, ಪ್ರತಿಮೆ ಇರುವುದು ಹಂದಿಗಳಿಗೆ ಕೃತಜ್ಞತೆಗೋ, ಕಾರ್ಖಾನೆಯ ನೆನಪಿಗೋ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಆದರೆ ಅದು ತಿನ್ನುವವಳು ಕೇಳಿದ ಪ್ರಶ್ನೆ ಎಂಬುದು ನನಗೆ ಮುಖ್ಯವಾಗಿ ಕಂಡಿತು.

ಅವಳು ನಾಳೆ ಬಿಡಬಹುದು, ಬಿಡದೆಯೂ ಇರಬಹುದು. ಬಿಟ್ಟರೆ ಅದು ಅವಳ ಸಂಪಾದನೆ, ತಿಂದರೆ ಅದು ಅವಳ ಹೊಣೆ. ನಾನು ಬೇಯಿಸಿಕೊಟ್ಟ ಸ್ಯಾಂಡ್‌ವಿಚ್‌ಗಳ ಹಂದಿಗಳು ನನ್ನ ಖಾತೆಯಲ್ಲಿ ಖರ್ಚಿನ ಕಡೆಗೆ ಇವೆ. ಅವನ್ನು ಅಲ್ಲಿಂದ ತೆಗೆಯುವ ಯಾವ ದಾರಿಯೂ ನನಗೆ ಕಾಣುವುದಿಲ್ಲ, ತೆಗೆಯಬೇಕೆಂಬ ಆಸೆಯೂ ಇಲ್ಲ.